ಕೆಂಪಾಗದ ಕೆನ್ನೆಗೆ ನಾನು ಕೊಟ್ಟ ಮೂರು

ಅಂಕಗಳ ಮೇಲ್ಮನವಿ ವಿಚಾರಿಸುವ ಪ್ರಾಂತ್ಯ ಕಚೇರಿಯ ಅಧಿಕಾರಿಗಳಿಗೆ, ಎಲ್ಲರಿಗೂ ಕೇಳುವಂತೆ

ಮಾನ್ಯರೇ,

ಕಳೆದ ಜುಲೈಯಲ್ಲಿ ತಾವು ನನ್ನನ್ನು ಗೆಲ್ಲಿಸಿದಿರಿ. ಆ ಗೆಲುವನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ ಎಂದು ಕೇಳಲು ಈ ಪತ್ರ. ಹತ್ತನೇ ತರಗತಿಯ ಲುವಾಮ್ ಎಂಬ ಹುಡುಗಿಗೆ ದೈಹಿಕ ಶಿಕ್ಷಣದಲ್ಲಿ ನಾನು ಆರಕ್ಕೆ ಮೂರು ಕೊಟ್ಟೆ. ಅವಳ ತಾಯಿ ತಮ್ಮಲ್ಲಿ ಮೇಲ್ಮನವಿ ಸಲ್ಲಿಸಿದರು. ಶಿಕ್ಷಕಿ ಕೊಟ್ಟದ್ದು ಸರಿ ಎಂದು ತಾವು ತೀರ್ಪು ಬರೆದಿರಿ. ಅದು ಸರಿಯಲ್ಲ, ತಪ್ಪು ನನ್ನದೇ ಎಂದು ಡಿಸೆಂಬರಿನಲ್ಲಿ ನಾನೇ ಬರೆದು ಕಳಿಸಿದೆ. ಅದಕ್ಕೆ ತಮ್ಮ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂತು. ಮೇಲ್ಮನವಿಯ ಹಕ್ಕು ವಿದ್ಯಾರ್ಥಿಗೆ ಮತ್ತು ಪೋಷಕರಿಗೆ ಮಾತ್ರ ಇದೆ, ಶಿಕ್ಷಕರಿಗೆ ಇಲ್ಲ. ಅಲ್ಲದೆ ಹತ್ತು ದಿನಗಳ ಅವಧಿ ಮುಗಿದಿದೆ. ಅಂದರೆ ತಪ್ಪು ಮಾಡುವ ಹಕ್ಕು ನನಗೆ ಮೂವತ್ತನಾಲ್ಕು ವರ್ಷ ಇತ್ತು, ತಿದ್ದಿಕೊಳ್ಳುವ ಹಕ್ಕು ಒಂದು ದಿನವೂ ಇರಲಿಲ್ಲ. ಇದನ್ನು ಪತ್ರಿಕೆಗೆ ಕೊಟ್ಟದ್ದಕ್ಕೆ ತಮ್ಮಲ್ಲಿ ಕ್ಷಮೆ ಕೇಳುವುದಿಲ್ಲ. ನಾನು ಕ್ಷಮೆ ಕೇಳಬೇಕಾದವರು ಬೇರೆ ಇದ್ದಾರೆ, ಅವರ ಸರದಿ ತಮಗಿಂತ ಮೊದಲು.

ಹುಡುಗಿಯ ಹೆಸರನ್ನು ಅವಳ ಒಪ್ಪಿಗೆ ಪಡೆದೇ ಹಾಕಿದ್ದೇನೆ. "ಹಾಕಿ, ಪರ್ವಾಗಿಲ್ಲ. ಆದ್ರೆ ಪಾಪದ ಹುಡುಗಿ ಅಂತ ಮಾತ್ರ ಬರೀಬೇಡಿ, ನಂಗೆ ಮೈ ಉರಿಯುತ್ತೆ," ಅಂದಿದ್ದಾಳೆ. ಹಾಗಾಗಿ ಈ ಪತ್ರದಲ್ಲಿ ಪಾಪದವರು ಯಾರೂ ಇಲ್ಲ, ಪಾಪ ಮಾಡಿದವಳು ಒಬ್ಬಳಿದ್ದಾಳೆ.

ನಾನು, ಮಕ್ಕಳ ಬಾಯಲ್ಲೂ ಬರೀ ಗುನ್ವೋರ್, ನಾರ್ವೆಯ ಒಳನಾಡಿನ ಈ ಕಣಿವೆಯ ಶಾಲೆಯಲ್ಲಿ ಆಟದ ಟೀಚರು. ಬರುವ ಜೂನಿಗೆ ನಿವೃತ್ತಿ. ನಮ್ಮ ವಿಷಯದಲ್ಲಿ ಅಂಕ ಕೊಡುವಾಗ ಮಗು ಎಷ್ಟು ದೂರ ಹಾರಿತು, ಎಷ್ಟು ಬೇಗ ಓಡಿತು ಎಂಬುದಷ್ಟೇ ಅಲ್ಲ, ಎಷ್ಟು ಶ್ರಮಪಟ್ಟಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ನಿಯಮವಿದೆ. ಒಳ್ಳೆಯ ನಿಯಮ. ಕುಂಟುತ್ತ ನಡೆಯುವ ಮಗುವೂ, ದಪ್ಪ ಮಗುವೂ ಮರ್ಯಾದೆಯಿಂದ ಒಳ್ಳೆಯ ಅಂಕ ತೆಗೆಯಲಿ ಎಂದು ಮಾಡಿದ್ದು. ನಾನೂ ಸಭೆಗಳಲ್ಲಿ ಅದರ ಪರವಾಗಿ ಮೇಜು ಕುಟ್ಟಿ ಮಾತಾಡಿದವಳೇ. ಆದರೆ ಮಾನ್ಯರೇ, ಶ್ರಮವನ್ನು ನೋಡುವುದು ಹೇಗೆ? ಎತ್ತರಕ್ಕೆ ಅಳತೆಪಟ್ಟಿ ಇದೆ, ಓಟಕ್ಕೆ ಗಡಿಯಾರ ಇದೆ. ಇಪ್ಪತ್ತೆಂಟು ಮಕ್ಕಳು ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಗುಡ್ಡ ಹತ್ತುತ್ತಿರುವಾಗ, ಒಬ್ಬೊಬ್ಬರ ಎದೆಯೊಳಗೆ ಏನಾಗುತ್ತಿದೆ ಎಂದು ಮೇಲೆ ನಿಂತ ಒಬ್ಬ ಹೆಂಗಸಿಗೆ ಹೇಗೆ ತಿಳಿಯಬೇಕು? ತಾವು ಯಾವತ್ತಾದರೂ ಕೇಳಿದ್ದೀರಾ? ನಾನೂ ಕೇಳಿಕೊಂಡಿರಲಿಲ್ಲ. ನನಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ.

ಹೇಗೆ ಗೊತ್ತಾಗುತ್ತಿತ್ತು ಎಂದು ಈಗ ಹೇಳುತ್ತೇನೆ. ನನ್ನ ಜೇಬಿನಲ್ಲಿ ತರಗತಿಯ ಹೆಸರುಪಟ್ಟಿ ಮತ್ತು ಒಂದು ಕೆಂಪು ಪೆನ್ಸಿಲು ಇರುತ್ತಿತ್ತು. ಚಳಿಯಲ್ಲಿ ಪೆನ್ನಿನ ಮಸಿ ಹೆಪ್ಪುಗಟ್ಟುತ್ತದೆ, ಅದಕ್ಕೆ ಪೆನ್ಸಿಲು. ಗುಡ್ಡದ ನೆತ್ತಿಯ ತಿರುವಿನಲ್ಲಿ ನಿಂತು, ಬರುವವರ ಮುಖ ನೋಡುತ್ತ, ಚೆನ್ನಾಗಿ ಮೈ ಬಗ್ಗಿಸಿದವರ ಹೆಸರಿನ ಮುಂದೆ ಒಂದು ಚುಕ್ಕಿ ಇಡುತ್ತಿದ್ದೆ. ಜೂನಿನಲ್ಲಿ ಚುಕ್ಕಿ ಎಣಿಸಿದರೆ ಶ್ರಮದ ಪಾಲು ಸಿದ್ಧ. ಒಂದು ತರಗತಿಗೆ ನಾಲ್ಕು ನಿಮಿಷ ಸಾಕು. ಬೇರೆ ಟೀಚರುಗಳು ವಾರಗಟ್ಟಲೆ ತಲೆ ಕೆರೆದುಕೊಳ್ಳುವಾಗ ನಾನು ಕಾಫಿ ಕುಡಿಯುತ್ತ ಕೂತಿರುತ್ತಿದ್ದೆ. ಅದರ ಬಗ್ಗೆ ನನಗೆ ಜಂಬವೂ ಇತ್ತು, ಇದನ್ನೂ ಬರೆದುಕೊಳ್ಳಿ.

ಮುಖದಲ್ಲಿ ನಾನು ಏನು ನೋಡುತ್ತಿದ್ದೆ? ನನ್ನ ಅಪ್ಪ ನೋಡುತ್ತಿದ್ದುದನ್ನೇ. ಭಾನುವಾರಗಳಲ್ಲಿ ಅವರು ನಮ್ಮನ್ನು ಸ್ಕೀ ಹಾದಿಗೆ ಅಟ್ಟಿ, ವಾಪಸು ಬಂದಾಗ ಕೈಗವಸು ಕಳಚಿ ನನ್ನ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ಪರೀಕ್ಷೆ ಮಾಡುತ್ತಿದ್ದರು. "ಗುಲಾಬಿ ಇನ್ನೂ ಅರಳಿಲ್ವಲ್ಲ ಮಗಳೇ. ಇನ್ನೊಂದು ಸುತ್ತು ಹೋಗ್ಬಾ." ಅರಳಿದ್ದರೆ ಸುಲಿದ ಕಿತ್ತಳೆ ಹಣ್ಣು ಸಿಗುತ್ತಿತ್ತು. ನಾನು ಕಿತ್ತಳೆಗಾಗಿ ಹೋದೆ, ಆಮೇಲೆ ಅಭ್ಯಾಸದಿಂದ ಹೋದೆ, ಆಮೇಲೆ ಬೇರೆಯವರ ಮಕ್ಕಳ ಕೆನ್ನೆ ನೋಡಲು ಸರ್ಕಾರಿ ಸಂಬಳಕ್ಕೆ ಸೇರಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ನನ್ನ ಕಾಯಿಲೆ ಕೆಂಪಿನದು, ಅಷ್ಟೇ ವ್ಯತ್ಯಾಸ.

ಲುವಾಮ್‌ಳ ತಾಯಿ ಅಬ್ರೆಹೆತ್ ಎರಿಟ್ರಿಯಾದಿಂದ ಬಂದವರು, ನಮ್ಮೂರಿನ ವೃದ್ಧಾಶ್ರಮದಲ್ಲಿ ಶುಶ್ರೂಷೆಯ ಕೆಲಸ. ಲುವಾಮ್ ಹುಟ್ಟಿದ್ದು ನಮ್ಮ ಕಣಿವೆಯ ಆಸ್ಪತ್ರೆಯಲ್ಲೇ, ನನ್ನ ಮಗ ಹುಟ್ಟಿದ ಅದೇ ಹೆರಿಗೆ ಕೋಣೆಯಲ್ಲಿ. ಅವಳ ಮೈಬಣ್ಣ ಕಾಫಿ ಬೀಜದ್ದು. ಗುಡ್ಡ ಹತ್ತಿ ಬರುವಾಗ ಬಾಯಿ ಮುಚ್ಚಿಕೊಂಡಿರುತ್ತಿದ್ದಳು, ಮುಖ ಸಮಾಧಾನವಾಗಿರುತ್ತಿತ್ತು, ನನ್ನನ್ನು ಕಂಡರೆ ಒಮ್ಮೆ ತಲೆ ಆಡಿಸಿ ಮುಂದೆ ಹೋಗುತ್ತಿದ್ದಳು. ಗುಂಪಿನ ನಡುವಿನಲ್ಲಿ ಬರುತ್ತಿದ್ದಳು, ಮುಂದೆಯೂ ಅಲ್ಲ ಹಿಂದೆಯೂ ಅಲ್ಲ. ನಾನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದುದು ಇದು: ಇವರ ಕಡೆಯವರಿಗೆ ಓಟವೆಂದರೆ ನೀರು ಕುಡಿದಷ್ಟು ಸುಲಭ, ಇವಳು ಮನಸ್ಸು ಮಾಡುತ್ತಿಲ್ಲ, ತೇಲಿಸಿಕೊಂಡು ಬರುತ್ತಿದ್ದಾಳೆ. ಈ ಸಾಲನ್ನು ಎರಡು ಸಲ ಹೊಡೆದುಹಾಕಿದೆ. ಆದರೆ ಅಂದುಕೊಂಡದ್ದು ನಿಜ, ಒಂದು ಸಲವಲ್ಲ, ಮೂರು ಚಳಿಗಾಲ ಅಂದುಕೊಂಡೆ. ಅವಳು ಮುಂದೆ ಬಂದಿದ್ದರೆ ಅದು ಹುಟ್ಟುಗುಣ ಅನ್ನುತ್ತಿದ್ದೆ, ನಡುವೆ ಬಂದದ್ದಕ್ಕೆ ಸೋಮಾರಿತನ ಅಂದೆ. ಹೇಗೆ ಬಂದರೂ ಚುಕ್ಕಿ ಸಿಗದಂತೆ ದಾರಿ ಕಟ್ಟಿಟ್ಟಿದ್ದೆ.

ಈಗ ಬೆಲ್ಟಿನ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ಜನವರಿಯಲ್ಲಿ ಶಾಲೆಗೆ ಎದೆಬಡಿತ ಅಳೆಯುವ ಬೆಲ್ಟುಗಳು ಬಂದವು. ಮಕ್ಕಳು ಅಂಗಿಯೊಳಗೆ ಕಟ್ಟಿಕೊಂಡರೆ ನನ್ನ ಕೈಯಲ್ಲಿದ್ದ ಪರದೆಯ ಮೇಲೆ ಪ್ರತಿಯೊಬ್ಬರ ಹೆಸರು, ಅದರ ಪಕ್ಕ ನಿಮಿಷಕ್ಕೆ ಎಷ್ಟು ಬಡಿತ ಎಂಬ ಅಂಕಿ. ಶ್ರಮವನ್ನು ನೋಡುವುದು ಹೇಗೆ ಎಂದು ಮೇಲೆ ಕೇಳಿದೆನಲ್ಲ, ಉತ್ತರ ನನ್ನ ಅಂಗೈಗೇ ಬಂದು ಕೂತಿತ್ತು. ಫೆಬ್ರವರಿಯ ಒಂದು ಮಂಗಳವಾರ ಲುವಾಮ್ ಏರು ಹತ್ತಿ ಬಂದಳು. ಎಂದಿನಂತೆ ಮುಚ್ಚಿದ ಬಾಯಿ, ಶಾಂತ ಮುಖ. ಪರದೆಯ ಮೇಲೆ ನೂರಾ ತೊಂಬತ್ತನಾಲ್ಕು. ಅವಳ ಹಿಂದೆಯೇ ಟಿರಿಲ್ ಎಂಬ ಬೆಳ್ಳನೆಯ ಹುಡುಗಿ, ಮುಖ ಬೀಟ್‌ರೂಟಿನ ಹಾಗೆ, ಪುಸ್ ಪುಸ್ ಎಂದು ಏದುಸಿರು. ಪರದೆಯ ಮೇಲೆ ನೂರಾ ನಲವತ್ತೊಂದು.

"ಲುವಾಮ್, ನಿಲ್ಲು. ನಿನ್ನ ಬೆಲ್ಟ್ ಕೆಟ್ಟಿದೆ," ಅಂದೆ.

"ಇಲ್ಲ ಗುನ್ವೋರ್, ಸರಿಯಾಗಿದೆ. ಪಟ್ಟಿ ಒದ್ದೆ ಮಾಡ್ಕೊಂಡೇ ಕಟ್ಟಿದೀನಿ. ಒಣಗಿದ್ರೆ ಅಂಕಿ ಮೇಲೆ ಕೆಳಗೆ ಜಿಗಿಯುತ್ತೆ. ಇದು ಜಿಗೀತಿಲ್ಲ ನೋಡಿ, ಒಂದೇ ಸಮ ಏರ್ಕೊಂಡು ಬಂದಿದೆ."

"ನೂರಾ ತೊಂಬತ್ತನಾಲ್ಕು ತೋರಿಸ್ತಿದೆ ಕಣೆ. ಅಷ್ಟಿದ್ದಿದ್ರೆ ನೀನು ಹೀಗೆ ನಿಂತ್ಕೊಂಡು ನಂಗೆ ಪಾಠ ಹೇಳ್ತಿದ್ಯಾ?"

"ಹೇಳೋಕೆ ಕಷ್ಟ ಆಗ್ತಿದೆ," ಅಂದಳು.

ನನಗೆ ಅದು ಎದುರುತ್ತರ ಅನ್ನಿಸಿತು. ಬೆಲ್ಟ್ ಬಿಚ್ಚಿಸಿದೆ. ಹದಿನೇಳನೇ ನಂಬರಿನ ಬೆಲ್ಟು. ಅದಕ್ಕೆ "ಕೆಟ್ಟಿದೆ" ಎಂದು ಚೀಟಿ ಅಂಟಿಸಿ ಕಪಾಟಿಗೆ ಎಸೆದೆ. ಟಿರಿಲ್‌ಳ ಬೆಲ್ಟೂ ಯಾಕೋ ಕಡಿಮೆ ತೋರಿಸುತ್ತಿದೆ ಎಂದುಕೊಂಡು ಅವಳಿಗೆ ಚುಕ್ಕಿ ಇಟ್ಟೆ. ಒಂದೇ ದಿನ ಎರಡು ಯಂತ್ರಗಳು, ಒಂದು ಹೆಚ್ಚಿಗೂ ಒಂದು ಕಡಿಮೆಗೂ, ನನ್ನ ಕಣ್ಣಿಗೆ ಬೇಕಾದ ಹಾಗೆ ಕೆಟ್ಟವು! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಬೆಲ್ಟು ಡೊಂಕು ಎಂದೆ. ಆ ಹುಡುಗಿಗೆ ತಂತಿ, ಪ್ಲಗ್ಗು, ಯಂತ್ರಗಳೆಂದರೆ ಪ್ರಾಣ ಎಂಬುದು ಇಡೀ ಶಾಲೆಗೆ ಗೊತ್ತು. ವ್ಯಾಯಾಮಶಾಲೆಯ ಸ್ಕೋರ್ ಬೋರ್ಡು ಕೆಟ್ಟಾಗ ಏಣಿ ಹತ್ತಿ ಸರಿ ಮಾಡಿದವಳು ಅವಳೇ. ನಮ್ಮೂರಿನ ಪದವಿಪೂರ್ವ ಕಾಲೇಜಿನಲ್ಲಿ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಸೇರಬೇಕೆಂಬುದು ಅವಳ ಒಂದೇ ಆಸೆ. ಬೆಲ್ಟಿನ ಬಗ್ಗೆ ಅವಳ ಮಾತು ಕೇಳಬೇಕಾಗಿತ್ತೋ, ನನ್ನ ಮಾತು ಕೇಳಬೇಕಾಗಿತ್ತೋ?

ಜೂನಿನಲ್ಲಿ ಚುಕ್ಕಿ ಎಣಿಸಿದೆ. ಟಿರಿಲ್‌ಗೆ ಐದು ಅಂಕ, ಲುವಾಮ್‌ಗೆ ಮೂರು. ಕಾಲೇಜಿನ ಸೀಟಿಗೆ ಎಲ್ಲ ವಿಷಯಗಳ ಸರಾಸರಿ ನೋಡುತ್ತಾರೆ, ಅಲ್ಲಿ ಗಣಿತಕ್ಕೆ ಎಷ್ಟು ತೂಕವೋ ನನ್ನ ವಿಷಯಕ್ಕೂ ಅಷ್ಟೇ. ಲುವಾಮ್ ಎಲೆಕ್ಟ್ರಿಷಿಯನ್ ಸೀಟನ್ನು ಕಳೆದುಕೊಂಡದ್ದು ಒಂದು ಅಂಕಕ್ಕೂ ಕಡಿಮೆ ಅಂತರದಿಂದ. ನಾನು ಐದು ಕೊಟ್ಟಿದ್ದರೆ ಸಿಗುತ್ತಿತ್ತು. ಈಗ ಅವಳು ಎರಡು ಗಂಟೆ ಬಸ್ಸು ದೂರದ ಊರಿನಲ್ಲಿ, ಹದಿನಾರನೇ ವಯಸ್ಸಿಗೆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದುಕೊಂಡು ಅಡುಗೆ ವಿಭಾಗದಲ್ಲಿ ಓದುತ್ತಿದ್ದಾಳೆ. ಅಡುಗೆ ಕೀಳು ಎಂದಲ್ಲ. ಅದು ಅವಳಿಗೆ ಬೇಡವಾಗಿತ್ತು.

ಅಬ್ರೆಹೆತ್ ಮೇಲ್ಮನವಿಗೆ ಮೊದಲು ನನ್ನ ಹತ್ತಿರ ಬಂದಿದ್ದರು. "ನನ್ನ ಮಗಳು ಸ್ಕೀ ದಿನ ಮನೆಗೆ ಬಂದ್ರೆ ಬೂಟು ಬಿಚ್ಚೋಕೂ ಆಗ್ದೆ ಮೆಟ್ಟಿಲ ಮೇಲೇ ನಿದ್ದೆ ಹೋಗ್ತಾಳೆ. ನೀವು ಶ್ರಮ ಇಲ್ಲ ಅಂತೀರಿ. ಮತ್ತೆ ಆ ಸುಸ್ತು ಎಲ್ಲಿಂದ ಬಂತು?" ಎಂದು ಕೇಳಿದರು. ಎಷ್ಟು ಸರಳ ಪ್ರಶ್ನೆ. ನಾನು ಮುಗುಳ್ನಕ್ಕು, "ಎಲ್ಲಾ ತಾಯಂದಿರಿಗೂ ಹಾಗೆ ಅನ್ನಿಸುತ್ತೆ," ಅಂದೆ. ಮಗಳನ್ನು ಹದಿನಾರು ವರ್ಷ ನೋಡಿದವರಿಗೆ, ವಾರಕ್ಕೆ ಎರಡು ಗಂಟೆ ನೋಡಿದವಳ ಉಪದೇಶ!

ಆಮೇಲೆ ತಮಗಾಗಿ ಸಮರ್ಥನೆ ಬರೆದೆ. ತಾವು ಅದನ್ನು ಮರೆತಿರಲಾರಿರಿ. "ವಿದ್ಯಾರ್ಥಿನಿಯು ತನ್ನ ಸಾಮರ್ಥ್ಯಕ್ಕೆ ತಕ್ಕ ಶ್ರಮವನ್ನು ನಿರಂತರವಾಗಿ ತೋರಿಸಿರುವುದಿಲ್ಲ. ಹನ್ನೊಂದು ಪ್ರತ್ಯೇಕ ಅವಲೋಕನಗಳಲ್ಲಿ ಇದು ದೃಢಪಟ್ಟಿರುತ್ತದೆ." ಹನ್ನೊಂದು ಅವಲೋಕನ! ಒಂದೇ ತಪ್ಪನ್ನು ಹನ್ನೊಂದು ಸಲ ಮಾಡಿದರೆ ಅದು ಪುರಾವೆಯಾಗುತ್ತದೆ ಎಂದು ನನಗೆ ಕಲಿಸಿದವರು ಯಾರು? ತಾವು ಆ ಹಾಳೆಗಳನ್ನು ಓದಿ, ನಿಯಮಪಾಲನೆಯಾಗಿದೆ, ವೃತ್ತಿಪರ ವಿವೇಚನೆಯಲ್ಲಿ ಕಚೇರಿ ಕೈಹಾಕುವುದಿಲ್ಲ ಎಂದಿರಿ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಸೆಪ್ಟೆಂಬರಿನ ತರಬೇತಿಯಲ್ಲಿ ಹೆಸರು ಅಳಿಸಿ ನನ್ನ ಅದೇ ಪರಿಚ್ಛೇದವನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿ, ಉತ್ತಮ ಸಮರ್ಥನೆ ಹೀಗಿರಬೇಕು ಎಂದಿರಿ. ನಾನು ಮೂರನೇ ಸಾಲಿನಲ್ಲಿ ಕೂತು ಪಕ್ಕದವಳಿಗೆ, "ಅದು ನಂದೇ ಕಣೆ," ಎಂದು ಪಿಸುಗುಟ್ಟಿದೆ. ಈ ಪತ್ರದಲ್ಲಿ ನನಗೆ ಅತಿ ಹೆಚ್ಚು ನಾಚಿಕೆ ತರುವ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ಅದು ಈ ಪಿಸುಮಾತು.

ನವೆಂಬರಿನಲ್ಲಿ ನನ್ನ ಸಹೋದ್ಯೋಗಿ ಐವಿಂಡ್ ಸಾಮಾನಿನ ಕೋಣೆಯಲ್ಲಿ ನನ್ನನ್ನು ಹಿಡಿದ. ಒಳ್ಳೆಯ ಹುಡುಗ, ಮುಂದಿನ ವರ್ಷ ನನ್ನ ಜಾಗಕ್ಕೆ ಬರುವವನು.

"ಗುನ್ವೋರ್, ಈ ಹದಿನೇಳನೇ ಬೆಲ್ಟಿಗೆ ಕೆಟ್ಟಿದೆ ಅಂತ ಚೀಟಿ ಅಂಟಿಸಿದೀಯಲ್ಲ, ಎರಡು ವಾರದಿಂದ ನಾನೇ ಕಟ್ಕೊಂಡು ಓಡ್ತಿದೀನಿ. ಇದಕ್ಕೇನೂ ಆಗಿಲ್ಲ."

"ಆಮೇಲೆ ಸರಿಹೋಗಿರಬೇಕು."

"ಯಂತ್ರಕ್ಕೇನು ಶೀತಜ್ವರಾನಾ, ತಾನಾಗೇ ವಾಸಿಯಾಗೋಕೆ? ಯಾರಿಗೆ ಕಟ್ಟಿದ್ದೆ?"

ಹೇಳಿದೆ. "ಓ, ಆ ಎರಿಟ್ರಿಯಾ ಹುಡುಗಿನಾ? ಬಿಡು, ಅವರೆಲ್ಲ ಹುಟ್ಟಾ ಓಟಗಾರರು. ಅವಳಿಗೆ ಆ ಗುಡ್ಡ ಏನು ಮಹಾ," ಅಂದ.

ನನ್ನದೇ ಯೋಚನೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದರ ವಾಸನೆ ನನಗೆ ಮೊದಲ ಸಲ ತಟ್ಟಿತು. ಐವಿಂಡ್ ಕೆಟ್ಟವನಲ್ಲ. ನಾನೂ ಕೆಟ್ಟವಳಲ್ಲ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಇಂಥ ತಪ್ಪು ಮಾಡಲು ಕೆಟ್ಟವರೇ ಆಗಬೇಕಾಗಿಲ್ಲ. ಅದೇ ಸಂಜೆ ಬೆಲ್ಟುಗಳ ಹಳೆಯ ದಾಖಲೆ ತೆರೆದು ನೋಡಿದೆ. ಲುವಾಮ್: ನೂರಾ ಎಂಬತ್ತೆಂಟು, ನೂರಾ ತೊಂಬತ್ತೊಂದು, ನೂರಾ ತೊಂಬತ್ತನಾಲ್ಕು. ಇಡೀ ತರಗತಿಯಲ್ಲಿ ಯಾರ ಎದೆಯೂ ಅಷ್ಟು ಬಡಿದಿರಲಿಲ್ಲ. ಆಮೇಲೆ ಮನೆಯ ಅಟ್ಟದಿಂದ ಮೂವತ್ತನಾಲ್ಕು ವರ್ಷದ ಹೆಸರುಪಟ್ಟಿಗಳನ್ನು ಇಳಿಸಿದೆ. ಚುಕ್ಕಿಗಳ ಪಕ್ಕ ಅಲ್ಲಲ್ಲಿ ನನ್ನ ಟಿಪ್ಪಣಿ: ಒಳ್ಳೆ ಬಣ್ಣ. ಚೆನ್ನಾಗಿ ಬಣ್ಣ ಬಂದಿದೆ. ಬಣ್ಣವಿಲ್ಲ. ಬಣ್ಣವಿಲ್ಲ ಎಂದು ಬರೆಸಿಕೊಂಡ ಮಕ್ಕಳ ಮುಖಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ರಕ್ತ ಕಡಿಮೆಯಿದ್ದ ಬಿಳಿಚು ಹುಡುಗನೊಬ್ಬ ಇದ್ದ. ತಮಿಳು ಕುಟುಂಬದ ಇಬ್ಬರು ಅಣ್ಣತಮ್ಮಂದಿರು ಇದ್ದರು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಮಾತಿದೆ. ನಾನು ಕಣ್ಣಾರೆ ಕಂಡೆ, ಅಲ್ಲಿಗೇ ನಿಲ್ಲಿಸಿದೆ.

ಇನ್ನೂ ಒಂದು ಬಾಕಿಯಿತ್ತು. ಟಿರಿಲ್ ಈಗ ಶನಿವಾರಗಳಂದು ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂರುತ್ತಾಳೆ. ಹಾಲು, ಬ್ರೆಡ್ಡು ಮುಂದಿಟ್ಟು ಕೇಳಿಯೇ ಬಿಟ್ಟೆ: "ಟಿರಿಲ್, ನಿಜ ಹೇಳು. ಆ ಗುಡ್ಡ ಹತ್ತೋವಾಗ ನಿಂಗೆ ಸುಸ್ತಾಗ್ತಿತ್ತಾ?"

ಕೇಳಿದ ಕೂಡಲೇ ಅವಳ ಮುಖ ಕಿವಿಯವರೆಗೆ ರಂಗೇರಿತು. "ಅಯ್ಯೋ ಗುನ್ವೋರ್, ಯಾರಾದ್ರೂ ಹೆಸರು ಹಿಡಿದು ಕರೆದ್ರೂ ನಾನು ಹಿಂಗೇ ಆಗ್ತೀನಿ. ನಮ್ಮಜ್ಜಿನೂ ಹಿಂಗೇ. ಗುಡ್ಡದಲ್ಲಿ ನಾವು ಹರಟೆ ಹೊಡ್ಕೊಂಡು ಬರ್ತಿದ್ವಿ."

"ಮತ್ತೆ ಉಳಿದೋರೆಲ್ಲ?"

"ಹೇಳಿದ್ರೆ ಕೊಟ್ಟಿರೋ ಅಂಕ ಕಿತ್ಕೋತೀರಾ?"

"ಇಲ್ಲ, ಹೇಳು."

"ನೀವು ನಿಂತಿರ್ತಿದ್ರಲ್ಲ ತಿರುವು, ಅದಕ್ಕೆ ಸ್ವಲ್ಪ ಕೆಳಗೆ ನಿಂತ್ಕೊಂಡು ಎಲ್ರೂ ಕೆನ್ನೆಗೆ ಹಿಮ ಉಜ್ಕೋತಿದ್ವಿ. ಚೆನ್ನಾಗಿ ಉಜ್ಜಿದ್ರೆ ಟೊಮೇಟೊ ಥರ ಆಗುತ್ತೆ. ಇದು ಇಡೀ ಶಾಲೆಗೆ ಗೊತ್ತು ಗುನ್ವೋರ್, ನಮ್ಮಣ್ಣನ ಕಾಲದಿಂದ ನಡೀತಿದೆ." ಅವಳು ನಗುತ್ತಿದ್ದಳು. ಆಮೇಲೆ ನಗು ನಿಂತಿತು. "ಲುವಾಮೂ ಒಂದ್ಸಲ ಉಜ್ಕೊಂಡ್ಲು. ಉಜ್ಜಿ ಉಜ್ಜಿ, ಏನಾದ್ರೂ ಆಯ್ತಾ ನೋಡ್ರೇ ಅಂತ ಕೇಳಿದ್ಲು. ಏನೂ ಆಗಿರ್ಲಿಲ್ಲ. ನಾವೆಲ್ಲ ನಕ್ವಿ. ಅವಳೂ ನಕ್ಕಳು. ಮತ್ತೆ ಯಾವತ್ತೂ ಉಜ್ಕೊಳ್ಳಿಲ್ಲ."

ಮಾನ್ಯರೇ, ಒಂದು ಶಾಲೆಯ ಮಕ್ಕಳಿಗೆಲ್ಲ ಗೊತ್ತಿದ್ದ ಸಂಗತಿ ಅದರ ಆಟದ ಟೀಚರಿಗೆ ಗೊತ್ತಿರಲಿಲ್ಲ, ತಮ್ಮ ಕಚೇರಿಗೂ ಗೊತ್ತಿರಲಿಲ್ಲ. ನಾವಿಬ್ಬರೂ ಸೇರಿ ಅದಕ್ಕೆ ವೃತ್ತಿಪರ ವಿವೇಚನೆ ಎಂದು ಹೆಸರಿಟ್ಟಿದ್ದೆವು. ಕೊಂಡ ಹಾಲನ್ನು ಗಲ್ಲಾದ ಮೇಲೇ ಬಿಟ್ಟು ಬಂದೆ.

ಮಾರನೆಯ ದಿನ ಅಬ್ರೆಹೆತ್ ಅವರ ಮನೆಗೆ ಹೋದೆ. ಲುವಾಮ್ ವಾರಾಂತ್ಯಕ್ಕೆ ಬಂದಿದ್ದಳು, ಅಡುಗೆಮನೆಯ ಮೇಜಿನ ಮೇಲೆ ಯಾರದೋ ಮಿಕ್ಸರ್ ಬಿಚ್ಚಿ ಹರಡಿಕೊಂಡಿದ್ದಳು. ಅಬ್ರೆಹೆತ್ ಒಲೆಯ ಮೇಲೆ ಕಾಫಿ ಬೀಜ ಹುರಿಯುತ್ತಿದ್ದರು. ನಾನು ಕೋಟು ಕೂಡ ತೆಗೆಯದೆ, ನಿಂತಲ್ಲೇ ಎಲ್ಲ ಹೇಳಿದೆ: ಚುಕ್ಕಿ, ಕೆನ್ನೆ, ಬೆಲ್ಟು, ಹುಟ್ಟಾ ಓಟಗಾರರು ಎಂದುಕೊಂಡದ್ದು. ಕೊನೆಯದನ್ನು ಹೇಳುವಾಗ ಅಬ್ರೆಹೆತ್ ಒಲೆ ಆರಿಸಿದರು.

"ನಾನು ಓಡಿದ್ದು ಜೀವನದಲ್ಲಿ ಒಂದೇ ಸಲ," ಅಂದರು. "ಗಡಿ ದಾಟೋವಾಗ. ಅದಕ್ಕೆ ಮುಂಚೆ ಟೈಪಿಂಗ್ ಕೆಲಸ ಮಾಡ್ತಿದ್ದೆ." ಆಮೇಲೆ ನನ್ನನ್ನು ದಿಟ್ಟಿಸಿ ನೋಡಿದರು. "ನಿಮ್ಮ ಮುಖ ತುಂಬಾ ಕೆಂಪಾಗಿದೆ. ಕೂತ್ಕೊಳ್ಳಿ, ನೀರು ಕುಡೀರಿ."

ಅವರು ಚುಚ್ಚಲು ಹೇಳಿದ್ದಲ್ಲ. ದಿನವಿಡೀ ವಯಸ್ಸಾದವರನ್ನು ನೋಡಿಕೊಳ್ಳುವವರು, ನನಗೆ ರಕ್ತದೊತ್ತಡ ಏರಿದೆಯೇನೋ ಎಂದು ಹೆದರಿದ್ದರು. ಅವರ ಮನೆಯ ಎರಡು ಮಹಡಿಯನ್ನು ನಾನು ಲಿಫ್ಟಿನಲ್ಲಿ ಹತ್ತಿದ್ದೆ. ಒಂದು ತೊಟ್ಟು ಬೆವರು ಸುರಿಸದೆ ನನ್ನ ಕೆನ್ನೆ ಧಗಧಗಿಸುತ್ತಿತ್ತು.

ಲುವಾಮ್ ಒಂದು ಸಣ್ಣ ತಿರುಪನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. "ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರಾಡು, ಇಲ್ದಿದ್ರೆ ಥಂಡಿ ಗಾಳಿ ಎದೆಗೆ ಹೋಗುತ್ತೆ ಅಂತ ಅಮ್ಮ ಹೇಳ್ತಿದ್ರು. ನಾನು ಹಂಗೇ ಮಾಡ್ತಿದ್ದೆ. ನಾನು ಬಾಯಿ ಬಿಟ್ಕೊಂಡು ಸದ್ದು ಮಾಡಿದ್ರೆ ಸರಿ ಹೋಗ್ತಿತ್ತಾ?"

"ಬಹುಶಃ," ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಅಷ್ಟೇನಾ? ನಾನು ಅಲ್ಲಿ ಕೋಣೆಲಿ ಕೂತು ದಿನಾ ಯೋಚ್ನೆ ಮಾಡ್ತಿದ್ದೆ, ನಾನು ಇನ್ನೂ ಸ್ವಲ್ಪ ಜೋರಾಗಿ ಹತ್ತಬೇಕಿತ್ತೇನೋ ಅಂತ. ಅದಕ್ಕಿಂತ ಜೋರಾಗಿ ನಂಗೆ ಆಗ್ತಿರ್ಲಿಲ್ಲ ಗುನ್ವೋರ್."

ಕ್ಷಮಿಸು ಅಂದೆ. "ಅದು ಆಮೇಲೆ ನೋಡೋಣ," ಅಂದಳು. "ಮಾರ್ಚ್ ಒಂದನೇ ತಾರೀಖು ಮತ್ತೆ ಅರ್ಜಿ ಹಾಕ್ತೀನಿ. ಹಳೇ ಅಂಕ ಇದ್ರೆ ಮತ್ತೆ ಸಿಗಲ್ಲ. ಅಷ್ಟರೊಳಗೆ ಬದಲಾಗುತ್ತಾ?"

"ಬದಲಾಗುತ್ತೆ," ಎಂದು ತಮ್ಮ ಪರವಾಗಿ ಮಾತು ಕೊಟ್ಟು ಬಂದೆ. ಅದು ನನ್ನ ಎರಡನೇ ಮೂರ್ಖತನ. ತಪ್ಪೊಪ್ಪಿಕೊಂಡವಳ ಮಾತಿಗೆ, ತಪ್ಪು ಮಾಡುತ್ತಿದ್ದಾಗ ಅವಳ ಮಾತಿಗಿದ್ದ ಬೆಲೆಯಾದರೂ ಇರುತ್ತದೆ ಎಂದು ನಂಬಿದ್ದೆ.

ತಮ್ಮ ವಾದ ನನಗೆ ಅರ್ಥವಾಗುತ್ತದೆ. ಟೀಚರುಗಳು ವರ್ಷ ಕಳೆದ ಮೇಲೆ ಮನಸ್ಸು ಬದಲಿಸಿ ಅಂಕ ತಿದ್ದುತ್ತ ಹೋದರೆ ವ್ಯವಸ್ಥೆ ನಿಲ್ಲುವುದಿಲ್ಲ. ಸರಿ. ಆದರೆ ಯಾವುದು ನಿಂತಿದೆ ಎಂದು ಕೂಡ ನೋಡಿ. ನಾನು ಹನ್ನೊಂದು ಅವಲೋಕನ ಎಂದಾಗ ತಾವು ಒಂದನ್ನೂ ತೆರೆದು ನೋಡಲಿಲ್ಲ. ಅವಲೋಕನ ಎಂದರೆ ಏನನ್ನು ಅವಲೋಕಿಸಿದೆ ಎಂದು ಕೇಳಲಿಲ್ಲ. ಭಾಷೆ ಗಟ್ಟಿಯಿತ್ತು, ಸಾಕಾಯಿತು. ಅಬ್ರೆಹೆತ್ ಅವರ ಅರ್ಜಿಯಲ್ಲಿ ಕಾಗುಣಿತದ ತಪ್ಪುಗಳಿದ್ದವು, ನನ್ನದರಲ್ಲಿ ಇರಲಿಲ್ಲ. ನಾನು ಕೆನ್ನೆ ನೋಡಿ ನಂಬಿದಂತೆ ತಾವು ಬರವಣಿಗೆ ನೋಡಿ ನಂಬಿದಿರಿ. ನಮ್ಮಿಬ್ಬರಲ್ಲಿ ಯಾರು ಯಾರಿಗೆ ಅಂಕ ಕೊಡಬೇಕು?

ಇದಕ್ಕೆಲ್ಲ ಪರಿಹಾರವಾಗಿ ಇನ್ನಷ್ಟು ಬೆಲ್ಟು ಕೊಳ್ಳಿ ಎನ್ನುತ್ತಿಲ್ಲ. ಬೆಲ್ಟು ಸತ್ಯ ಹೇಳಿದಾಗ ಅದನ್ನು ಕಪಾಟಿಗೆ ಎಸೆದವಳು ನಾನೇ ಅಲ್ಲವೇ? ಯಂತ್ರ ಬಂದರೂ ಅದನ್ನು ನಂಬುವುದೋ ಬಿಡುವುದೋ ಎಂದು ನಿರ್ಧರಿಸುವವರು ಮೊದಲೇ ನಿರ್ಧರಿಸಿರುತ್ತಾರೆ. ನಮ್ಮಂಥವರಿಗೆ ಬೇಕಾದದ್ದು ಎದುರು ನಿಂತು ಕೇಳುವ ಒಬ್ಬ ಮನುಷ್ಯ: ನಿನಗೆ ಹೇಗೆ ಗೊತ್ತು? ಆ ಮನುಷ್ಯನಿಗೆ ಸಂಬಳ ಕೊಟ್ಟು ತಮ್ಮ ಕುರ್ಚಿಯಲ್ಲಿ ಕೂರಿಸಲಾಗಿದೆ ಎಂದು ನಾನು ತಿಳಿದಿದ್ದೆ.

ಈಗ ನನ್ನ ಬೇಡಿಕೆ. ಶಿಕ್ಷಕಿಗೆ ಮೇಲ್ಮನವಿಯ ಹಕ್ಕಿಲ್ಲ ಎಂದಿರಿ, ಒಪ್ಪಿದೆ. ತಮ್ಮದೇ ನಿಯಮಾವಳಿಯನ್ನು ಮೂರು ಸಂಜೆ ಕೂತು ಓದಿದೆ. ಶಿಕ್ಷಕರ ದುರ್ನಡತೆಯ ಬಗ್ಗೆ ಯಾವ ನಾಗರಿಕನೂ ದೂರು ಕೊಡಬಹುದು, ಅದಕ್ಕೆ ಅವಧಿಯ ಮಿತಿ ಇಲ್ಲ, ದೂರು ಬಂದರೆ ಸಂಬಂಧಪಟ್ಟ ಅಂಕವನ್ನು ಮರುಪರಿಶೀಲಿಸಲೇಬೇಕು ಎಂದು ಅದರಲ್ಲಿ ಬರೆದಿದೆ. ಆದ್ದರಿಂದ ಈ ಪತ್ರವನ್ನು ದೂರಾಗಿ ದಾಖಲಿಸಿಕೊಳ್ಳಿ. ದೂರುದಾರಳು ಗುನ್ವೋರ್ ಹೌಗ್ಸೆಟ್. ಆರೋಪಿ ಗುನ್ವೋರ್ ಹೌಗ್ಸೆಟ್. ತನ್ನ ಕೈಯಲ್ಲಿದ್ದ ಪುರಾವೆಯನ್ನು ಬಚ್ಚಿಟ್ಟು, ಮಗುವಿನ ಮೈಬಣ್ಣಕ್ಕೆ ಅಂಕ ಕೊಟ್ಟು, ಅದನ್ನು ಶ್ರಮದ ಅಂಕ ಎಂದು ಮೇಲ್ಮನವಿ ಕಚೇರಿಗೆ ಸುಳ್ಳು ಬರೆದುಕೊಟ್ಟ ಆರೋಪ. ಬೆಲ್ಟಿನ ದಾಖಲೆ ಮತ್ತು ಹೆಸರುಪಟ್ಟಿಗಳನ್ನು ಲಗತ್ತಿಸಿದ್ದೇನೆ. ಆರೋಪಿ ತಪ್ಪೊಪ್ಪಿಕೊಂಡಿರುವುದರಿಂದ ವಿಚಾರಣೆ ಬೇಗ ಮುಗಿಯುತ್ತದೆ. ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಇದೆಲ್ಲ ಯಾಕೆ, ಹೆಸರು ಕೆಡಿಸಿಕೊಳ್ಳಬೇಡ ಎಂದು ನಮ್ಮ ಮುಖ್ಯೋಪಾಧ್ಯಾಯರು ಬುದ್ಧಿ ಹೇಳಿದರು. ನನ್ನ ಹೆಸರು ಕೆಟ್ಟರೆ ಕೆಡಲಿ, ಅದಕ್ಕೆ ತಕ್ಕ ಶಿಕ್ಷೆ ತಮ್ಮ ಇಷ್ಟ. ಅಂಕ ಮಾತ್ರ ಐದಾಗಬೇಕು. ಅದು ಫೆಬ್ರವರಿ ಮುಗಿಯುವುದರೊಳಗೆ ಆಗಬೇಕು, ಏಕೆಂದರೆ ಎಲೆಕ್ಟ್ರಿಷಿಯನ್ ವಿಭಾಗದಲ್ಲಿ ಇರುವುದು ಹದಿನೈದೇ ಸೀಟು, ಮತ್ತು ಅವಳು ಇದಕ್ಕಿಂತ ಜೋರಾಗಿ ಹತ್ತಲಾರಳು.

ಇಂತಿ,
ಮೂವತ್ತನಾಲ್ಕು ವರ್ಷ ಮುಖ ನೋಡಿ ಮಣೆ ಹಾಕಿದ,
ಗುನ್ವೋರ್ ಹೌಗ್ಸೆಟ್
ದೈಹಿಕ ಶಿಕ್ಷಣ ಶಿಕ್ಷಕಿ, ತಮ್ಮ ದಾಖಲೆಗಳ ಪ್ರಕಾರ ಈಗಲೂ ಸರಿಯಾಗಿರುವವಳು